ಒಂದು ಕಿಲೋ ಮಗುವಿಗೆ ಹದಿನೈದು ಎಂಎಲ್ ಕೊಬ್ಬು

28 ವಾರಕ್ಕೇ ಹುಟ್ಟಿ, ತಕ್ಕಡಿಯಲ್ಲಿ 1 ಕಿಲೋ ತೂಗುವ ಮಗುವಿನ ಮೈಯಲ್ಲಿ ಕೊಬ್ಬು ಎಂದು ಇರುವುದು ಹೆಚ್ಚೆಂದರೆ 10ರಿಂದ 20 ಗ್ರಾಂ. ಅದರಲ್ಲೂ ಬಹುಪಾಲು ಜೀವಕೋಶಗಳ ಪೊರೆಯಲ್ಲಿ, ಮಿದುಳಿನಲ್ಲಿ ಸೇರಿಹೋಗಿರುತ್ತದೆ. ಹಸಿವಾದಾಗ ಕರಗಿಸಿಕೊಳ್ಳಲು ಸಿಗುವುದಿಲ್ಲ. ದಿನ ತುಂಬಿ ಹುಟ್ಟಿದ 3 ಕಿಲೋ ಮಗು ಸುಮಾರು 400 ಗ್ರಾಂ ಕೊಬ್ಬನ್ನು ಕಟ್ಟಿಕೊಂಡೇ ಬರುತ್ತದೆ, ಮತ್ತು ಆ ದಾಸ್ತಾನೆಲ್ಲ ಹೆಚ್ಚುಕಡಿಮೆ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಕೂಡಿದ್ದು. ಆ ಮೂರು ತಿಂಗಳನ್ನು ಕಳೆದುಕೊಂಡ ಮಗುವಿಗೆ ಹೊರಗಿನಿಂದ ಏನೂ ಸಿಗದಿದ್ದರೆ ಅದು ತನ್ನದೇ ಮೈಯನ್ನು ಕರಗಿಸಿಕೊಂಡು ಬದುಕಬಹುದಾದದ್ದು ನಾಲ್ಕೈದು ದಿನ. ದಿನ ತುಂಬಿದ ಮಗುವಿಗೆ ಆ ಲೆಕ್ಕ ಒಂದು ತಿಂಗಳ ಹತ್ತಿರ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಶಿಶುವೈದ್ಯರು ಹಾಕಿದ ಈ ಲೆಕ್ಕ ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುವವರಿದ್ದಾರೆ. ಆ ಮಾತು ತಪ್ಪು; ಒಂದೊಂದು ವಾರ ಹೆಚ್ಚು ಒಳಗಿದ್ದಷ್ಟೂ ಮಗುವಿಗೆ ಲಾಭ ಎಂಬುದಕ್ಕೆ ಈ ಗ್ರಾಂಗಳ ಲೆಕ್ಕಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಇಂಥ ಮಗುವಿನ ಕರುಳು ಮೊದಲ ದಿನ ತಡೆದುಕೊಳ್ಳುವುದು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಮೂಗಿನ ನಳಿಕೆಯಲ್ಲಿ ಇಳಿಸುವ ಒಂದೆರಡು ಎಂಎಲ್ ಎದೆಹಾಲನ್ನು ಮಾತ್ರ. ಉಳಿದದ್ದು ರಕ್ತನಾಳದ ಮೂಲಕವೇ ಹೋಗಬೇಕು. ಸುಮ್ಮನೆ ಮಲಗಿದ್ದರೂ ಅದಕ್ಕೆ ದಿನಕ್ಕೆ 45ರಿಂದ 55 ಕಿಲೋಕ್ಯಾಲರಿ ಬೇಕು, ಬೆಳೆಯಬೇಕೆಂದರೆ ಅದರ ಎರಡರಷ್ಟು. ಮೊದಲ ದಿನ ಕೊಡಬಹುದಾದ 80 ಎಂಎಲ್ ನೀರಿನಲ್ಲಿ ಶೇ 10ರ ಗ್ಲೂಕೋಸ್ ಕೊಟ್ಟರೆ ಸಿಗುವುದು 27 ಕಿಲೋಕ್ಯಾಲರಿ. ಗ್ಲೂಕೋಸನ್ನು ಇನ್ನೂ ಗಟ್ಟಿ ಮಾಡೋಣ ಎಂದರೆ ಕೈಕಾಲಿನ ಎಳೆ ರಕ್ತನಾಳ ಊದಿಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಕೊಬ್ಬು ಈ ಎರಡೂ ತೊಂದರೆ ಕೊಡುವುದಿಲ್ಲ. ಶೇ 20ರ ಲಿಪಿಡ್ (ಕೊಬ್ಬಿನ) ದ್ರಾವಣದ ಒಂದು ಎಂಎಲ್‌ನಲ್ಲಿ 2 ಕಿಲೋಕ್ಯಾಲರಿ ಇದೆ, ಅದು ರಕ್ತನಾಳವನ್ನು ಸುಡುವುದಿಲ್ಲ. 1 ಕಿಲೋ ಮಗುವಿಗೆ ದಿನಕ್ಕೆ 3 ಗ್ರಾಂ ಕೊಬ್ಬು ಎಂದರೆ 15 ಎಂಎಲ್. ಹಾಲಿನಂತೆ ಬೆಳ್ಳಗಿರುವ ಆ ದ್ರವವನ್ನು ಸಿರಿಂಜ್ ಪಂಪಿಗೆ ಹಾಕಿ 24 ಗಂಟೆಗೆ ಹಂಚಿದರೆ ಗಂಟೆಗೆ 0.6 ಎಂಎಲ್ ಚಿಲ್ಲರೆ, ಅಂದರೆ ಹನ್ನೆರಡು ಹನಿ. ಪಂಪಿನ ದಂಡ ಚಲಿಸುವುದು ಕಣ್ಣಿಗೆ ಕಾಣದಷ್ಟು ನಿಧಾನ. ಇಷ್ಟು ಸಣ್ಣ ಪ್ರಮಾಣದ ವಿಷಯಕ್ಕೆ ವೈದ್ಯಲೋಕ ಅರವತ್ತು ವರ್ಷಗಳಿಂದ ವಾದಿಸುತ್ತ ಬಂದಿದೆ. ಆ ವಾದದ ಒಂದು ಎಳೆ ಈಗ ನಮ್ಮಲ್ಲಿ ಪೋಷಕರ ಕೈಗೆ ಬರುವ ಬಿಲ್ಲಿನವರೆಗೂ ಬಂದು ಮುಟ್ಟಿದೆ: ಸೋಯಾ ಎಣ್ಣೆಯದು ಸಾಕೋ, ಮೀನೆಣ್ಣೆ ಬೆರೆಸಿದ ದುಬಾರಿಯದೇ ಬೇಕೋ? ನನ್ನ ವಾದ ಇಷ್ಟು. ಯಾವ ಎಣ್ಣೆ ಎಂಬುದು ಎರಡನೇ ಪ್ರಶ್ನೆ. ಎಷ್ಟು ಬೇಗ, ಎಷ್ಟು ಶುದ್ಧವಾಗಿ, ಯಾವ ಆಸ್ಪತ್ರೆಯಲ್ಲಿ, ಎಷ್ಟು ಕಡಿಮೆ ದಿನ ಎಂಬುದು ಮೊದಲನೆಯದು. ನಾವು ಹಣವನ್ನೂ ಗಮನವನ್ನೂ ಎರಡನೆಯದರ ಮೇಲೆ ಸುರಿದು ಮೊದಲನೆಯದನ್ನು ಮರೆಯುವ ಹಾದಿಯಲ್ಲಿದ್ದೇವೆ.

ಕೊಬ್ಬನ್ನು ರಕ್ತಕ್ಕೆ ಹರಿಸುವುದು ಸುಲಭದ ಕೆಲಸವಲ್ಲ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ದಪ್ಪ ಹನಿಯಾಗಿ ಹೋದರೆ ಶ್ವಾಸಕೋಶದ ಸಣ್ಣ ನಾಳಗಳನ್ನೇ ಕಟ್ಟಿಬಿಡುತ್ತದೆ. ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ಲಿಪೋಮುಲ್ ಎಂಬ ದ್ರಾವಣ ಜ್ವರ, ಕಾಮಾಲೆಯಂಥ ತೊಂದರೆ ತಂದು 1960ರ ದಶಕದಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಅದೇ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ರೆಟ್ಲಿಂಡ್ ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಫಾಸ್ಫೋಲಿಪಿಡ್‌ನಲ್ಲಿ ಒಡೆದು, ಊಟದ ನಂತರ ನಮ್ಮ ರಕ್ತದಲ್ಲಿ ತಾನಾಗಿ ಓಡಾಡುವ ಕೊಬ್ಬಿನ ಕಣಗಳಷ್ಟೇ ಸಣ್ಣದಾಗಿಸಿದರು. ಅದೇ ಇಂಟ್ರಾಲಿಪಿಡ್. ಹಳೆಯ ಪೆಟ್ಟನ್ನು ಮರೆಯದ ಅಮೆರಿಕ ಅದಕ್ಕೆ ಅನುಮತಿ ಕೊಟ್ಟದ್ದು 1975ರಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳಿಗೆ ಗ್ಲೂಕೋಸ್ ಮತ್ತು ಪ್ರೋಟೀನ್ ಮಾತ್ರ ಹೋಗುತ್ತಿತ್ತು. ಕೊಬ್ಬಿಲ್ಲದೆ ಏನಾಗುತ್ತದೆ ಎಂಬುದನ್ನು ವೈದ್ಯರು ಆಗ ಕಣ್ಣಾರೆ ಕಂಡರು: ಚರ್ಮ ಪೊರೆಪೊರೆಯಾಗಿ ಏಳುವುದು, ಗಾಯ ಮಾಯದಿರುವುದು, ತೂಕ ನಿಲ್ಲುವುದು. ಲಿನೋಲಿಕ್ ಆಮ್ಲದಂಥ ಕೆಲವು ಕೊಬ್ಬಿನಾಮ್ಲಗಳನ್ನು ನಮ್ಮ ಮೈ ತಯಾರಿಸಲಾರದು. ದಿನ ತುಂಬದ ಶಿಶುವಿನಲ್ಲಿ ಅವುಗಳ ಕೊರತೆ ಮೂರು ದಿನದಿಂದ ವಾರದೊಳಗೆ ರಕ್ತಪರೀಕ್ಷೆಯಲ್ಲಿ ಕಾಣತೊಡಗುತ್ತದೆ. ಸೂರ್ಯಕಾಂತಿ ಎಣ್ಣೆಯನ್ನು ಮೈಗೆ ಸವರಿ ಕೊರತೆ ತುಂಬಲು ನೋಡಿದವರೂ ಉಂಟು. ಅದು ನಂಬುವಂಥ ದಾರಿಯಾಗಿ ಉಳಿಯಲಿಲ್ಲ. ಎಣ್ಣೆನೀವುವಿಕೆಯಲ್ಲಿ ಅಪಾರ ವಿಶ್ವಾಸವಿರುವ ನಮ್ಮ ಅಜ್ಜಿಯಂದಿರಿಗೆ ಇದು ತಿಳಿದಿರುವುದು ಒಳ್ಳೆಯದು.

ಇನ್ನು ಬೇಗ ಕೊಡುವ ಮಾತು. ಬಹಳ ಕಾಲ ವೈದ್ಯರು ಮೂರು ದಿನ, ಐದು ದಿನ, ಕೆಲವೆಡೆ ವಾರವೇ ಕಾದು ಲಿಪಿಡ್ ಶುರುಮಾಡುತ್ತಿದ್ದರು. ಕಾರಣವಿಲ್ಲದೆ ಕಾದದ್ದಲ್ಲ. ರಕ್ತದಲ್ಲಿ ಬಿಡುಗಡೆಯಾಗುವ ಕೊಬ್ಬಿನಾಮ್ಲ ಅಲ್ಬುಮಿನ್‌ಗೆ ಅಂಟಿಕೊಂಡ ಬಿಲಿರುಬಿನ್ ಅನ್ನು ಸರಿಸಿ, ಕಾಮಾಲೆಯ ವಿಷ ಮಿದುಳಿಗೆ ಹೋಗಬಹುದೆಂಬ ಭಯ. ಶ್ವಾಸಕೋಶಕ್ಕೆ ತೊಂದರೆಯಾದೀತೆಂಬ ಭಯ. 2012ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ ಮೊದಲ ಎರಡು ದಿನದಲ್ಲೇ ಕೊಟ್ಟರೆ ಅಂಥ ಹಾನಿ ಕಾಣಲಿಲ್ಲ. ಹಾಗೆಯೇ ಬೆಳವಣಿಗೆಯಲ್ಲಾಗಲಿ ಸಾವಿನ ಪ್ರಮಾಣದಲ್ಲಾಗಲಿ ದೊಡ್ಡ ಲಾಭವೂ ಕಾಣಲಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಮರುವರ್ಷ ರಾಟರ್ಡ್ಯಾಮ್‌ನಿಂದ 144 ಶಿಶುಗಳ ಪ್ರಯೋಗದ ಫಲಿತಾಂಶ ಬಂತು. ಹುಟ್ಟಿದ ದಿನದಿಂದಲೇ ಲಿಪಿಡ್ ಪಡೆದವರ ಮೈ ತನ್ನ ಪ್ರೋಟೀನನ್ನು ಉರುವಲಾಗಿ ಸುಡುವುದು ಕಡಿಮೆಯಾಗಿ, ಕಟ್ಟಿಕೊಳ್ಳುವ ಕಡೆಗೆ ತಿರುಗಿತ್ತು. 2009ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ 1 ಕಿಲೋಗಿಂತ ಕಡಿಮೆ ತೂಗಿದ 148 ಶಿಶುಗಳ ಮೊದಲ ವಾರದ ಆಹಾರವನ್ನೂ ಒಂದೂವರೆ ವರ್ಷದ ಬುದ್ಧಿ ಬೆಳವಣಿಗೆಯನ್ನೂ ಹೋಲಿಸಿತ್ತು. ಆ ವಾರ ಕಿಲೋಗೆ ದಿನಕ್ಕೆ 10 ಕಿಲೋಕ್ಯಾಲರಿ ಹೆಚ್ಚು ಪಡೆದವರ ಅಂಕ ಸರಾಸರಿ 4.6ರಷ್ಟು ಮೇಲಿತ್ತು. ಇದು ಪ್ರಯೋಗವಲ್ಲ, ದಾಖಲೆ ನೋಡಿ ಹೇಳಿದ ಮಾತು. ಕಾಯಿಲೆ ಹೆಚ್ಚಿದ್ದ ಮಗುವಿಗೆ ಕಡಿಮೆ ಆಹಾರ ಹೋಗಿರಲೂಬಹುದು. ಆದರೂ ಬಿಡಿಬಿಡಿಯಾಗಿ ದುರ್ಬಲವಾದ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಮುಖ ಮಾಡಿವೆ, ಹಾನಿಯ ಸಾಕ್ಷ್ಯ ಇಲ್ಲ, ಮಗುವಿನ ಮೈಯಲ್ಲಿ ದಾಸ್ತಾನೂ ಇಲ್ಲ. 2018ರ ಯೂರೋಪಿನ ಮಾರ್ಗಸೂಚಿ ಹುಟ್ಟಿದ ಕೂಡಲೇ, ತಡವೆಂದರೆ ಎರಡನೇ ದಿನಕ್ಕೆ ಶುರುಮಾಡಿ, ಕಿಲೋಗೆ 4 ಗ್ರಾಂ ಮೀರಬೇಡಿ ಎಂದದ್ದು ಈ ಹಿನ್ನೆಲೆಯಲ್ಲೇ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. 2016ರಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಕೆನಡಾಗಳ 1,440 ಮಕ್ಕಳ ಮೇಲೆ ನಡೆದ ಪೆಪಾನಿಕ್ ಪ್ರಯೋಗದ ಫಲಿತಾಂಶ ಬಂದಾಗ ತೀವ್ರ ನಿಗಾ ಘಟಕಗಳ ವೈದ್ಯರು ಬೆಚ್ಚಿದರು. ರಕ್ತನಾಳದ ಆಹಾರವನ್ನು ಒಂದು ವಾರ ತಡೆಹಿಡಿದ ಮಕ್ಕಳಲ್ಲಿ ಹೊಸ ಸೋಂಕು ಶೇ 10.7, ಮೊದಲ ದಿನವೇ ಕೊಟ್ಟವರಲ್ಲಿ ಶೇ 18.5. ಹಾಗಿದ್ದರೆ ನಮ್ಮ ಶಿಶುಗಳಿಗೂ ಕಾಯುವುದೇ ಮೇಲಲ್ಲವೆ? ಅಲ್ಲ. ಆ ಪ್ರಯೋಗದಲ್ಲಿ ದಿನ ತುಂಬದ ಶಿಶುಗಳನ್ನು ಸೇರಿಸಿಯೇ ಇರಲಿಲ್ಲ. ಮೈಯಲ್ಲಿ ತಿಂಗಳಿಗಾಗುವಷ್ಟು ದಾಸ್ತಾನಿರುವ ಮಗು ವಾರದ ಉಪವಾಸವನ್ನು ತಡೆದುಕೊಳ್ಳುತ್ತದೆ, ಅದರಿಂದ ಲಾಭವನ್ನೂ ಪಡೆಯಬಹುದು. ನಾಲ್ಕೈದು ದಿನದ ದಾಸ್ತಾನಿನ ಮಗುವಿಗೆ ಅದೇ ಲೆಕ್ಕ ಹಚ್ಚಲಾಗದು. ಆದರೆ ಪೆಪಾನಿಕ್ ಹೇಳಿದ ಇನ್ನೊಂದು ಮಾತನ್ನು ಬದಿಗೆ ತಳ್ಳುವಂತಿಲ್ಲ. ರಕ್ತನಾಳದ ಆಹಾರಕ್ಕೆ ಸೋಂಕಿನ ಬೆಲೆಯಿದೆ. ಬೆಲೆಯನ್ನು ಯಾರು, ಎಷ್ಟು ತೆರುತ್ತಾರೆ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ.

ಎಣ್ಣೆಯ ಪ್ರಶ್ನೆಗೆ ಬರೋಣ. ಸೋಯಾ ಎಣ್ಣೆಯ ಮೇಲಿನ ದೂರು ನಿಜವಾದದ್ದೇ. ಅದರಲ್ಲಿ ಒಮೆಗಾ-6 ಕೊಬ್ಬಿನಾಮ್ಲ ಹೆಚ್ಚು, ಫೈಟೊಸ್ಟೆರಾಲ್ ಎಂಬ ಸಸ್ಯಜನ್ಯ ವಸ್ತುವೂ ಹೆಚ್ಚು. ವಾರಗಟ್ಟಲೆ ಕೊಟ್ಟಾಗ ಲಿವರ್‌ನಲ್ಲಿ ಪಿತ್ತ ಕಟ್ಟಿ ಮಗು ಹಳದಿಯಾಗುವುದರಲ್ಲಿ ಇವುಗಳ ಪಾಲಿದೆ. 2006ರಲ್ಲಿ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಕ್ಯಾಥ್ಲೀನ್ ಗುರಾ, ಮಾರ್ಕ್ ಪೂಡರ್ ಮತ್ತು ಸಂಗಡಿಗರು ಹೀಗೆ ಲಿವರ್ ಕೆಟ್ಟ ಎರಡು ಶಿಶುಗಳಿಗೆ ಸೋಯಾ ನಿಲ್ಲಿಸಿ ಬರೀ ಮೀನೆಣ್ಣೆಯ ದ್ರಾವಣ ಕೊಟ್ಟು ಚೇತರಿಕೆ ಕಂಡರು. ಮುಂದೆ 2018ರಲ್ಲಿ ಅಮೆರಿಕದ ಔಷಧ ಆಡಳಿತ ಪಿತ್ತ ಕಟ್ಟಿದ ಮಕ್ಕಳಿಗೆಂದೇ ಅದನ್ನು ಒಪ್ಪಿತು. ಕರುಳು ಕತ್ತರಿಸಬೇಕಾಗಿ ಬಂದು ತಿಂಗಳುಗಟ್ಟಲೆ ರಕ್ತನಾಳದ ಆಹಾರದಲ್ಲೇ ಇರುವ ಮಗುವಿಗೆ ಇದು ಜೀವ ಉಳಿಸುವ ವಿಷಯ. ಅಲ್ಲಿ ಬೆಲೆಯ ಮಾತೆತ್ತುವುದು ತಪ್ಪು. ಆದರೆ ಹತ್ತು ದಿನ ಲಿಪಿಡ್ ಪಡೆದು ಹಾಲಿಗೆ ಹೊರಳುವ ಮಗುವಿನ ಕಥೆ ಬೇರೆ. ಸೋಯಾ 30, ತೆಂಗು ಅಥವಾ ತಾಳೆಬೀಜದಿಂದ ಬರುವ ಮಧ್ಯಮ ಸರಪಳಿಯ ಕೊಬ್ಬು 30, ಆಲಿವ್ 25, ಮೀನೆಣ್ಣೆ 15 ಎಂದು ಬೆರೆಸಿದ ಈಗಿನ ಮಿಶ್ರಣವನ್ನು ಎಲ್ಲ ಶಿಶುಗಳಿಗೂ ಮೊದಲ ದಿನದಿಂದ ಕೊಡಬೇಕೆ? 2019ರ ಕಾಕ್ರೇನ್ ಪರಾಮರ್ಶೆ ಅದುವರೆಗಿನ ಪ್ರಯೋಗಗಳನ್ನೆಲ್ಲ ಸೋಸಿ, ಲಿವರ್ ತೊಂದರೆ ತಡೆಯುವುದರಲ್ಲಾಗಲಿ, ಬೆಳವಣಿಗೆ, ಸಾವು, ಕಣ್ಣಿನ ರೆಟಿನಾ ಕಾಯಿಲೆ, ಶ್ವಾಸಕೋಶದ ಕಾಯಿಲೆಗಳಲ್ಲಾಗಲಿ ಯಾವ ದ್ರಾವಣವೂ ಇನ್ನೊಂದಕ್ಕಿಂತ ಮೇಲೆಂದು ಹೇಳಲಾಗದು ಎಂದಿತು. ಯೂರೋಪಿನ ಮಾರ್ಗಸೂಚಿ ಕೆಲವು ದಿನಕ್ಕಿಂತ ಹೆಚ್ಚು ಬೇಕಾದಾಗ ಮಿಶ್ರಣವನ್ನೇ ಆರಿಸಿ ಎನ್ನುತ್ತದೆ. ಎರಡೂ ಪ್ರಾಮಾಣಿಕ ನಿಲುವುಗಳೇ. ಇವುಗಳ ನಡುವಿನ ಅಂತರವನ್ನು ಮಾರಾಟ ಪ್ರತಿನಿಧಿ ತುಂಬುವಂತಾಗಬಾರದು.

ಮೀನೆಣ್ಣೆ ಎಂದರೆ ಡಿಎಚ್‌ಎ ಎಂಬ ಕೊಬ್ಬಿನಾಮ್ಲ, ಡಿಎಚ್‌ಎ ಎಂದರೆ ಮಿದುಳು, ಆದ್ದರಿಂದ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ತರ್ಕಕ್ಕೂ ಒಂದು ಪೆಟ್ಟು ಬಿದ್ದಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರಗಳಲ್ಲಿ 29 ವಾರಕ್ಕೆ ಮುನ್ನ ಹುಟ್ಟಿದ 1,273 ಶಿಶುಗಳಿಗೆ ಹೊಟ್ಟೆಗೆ ಹೋಗುವ ನಳಿಕೆಯ ಮೂಲಕ ಡಿಎಚ್‌ಎ ಕೊಟ್ಟ ಪ್ರಯೋಗದ ವರದಿ 2017ರಲ್ಲಿ ಬಂತು. ಶ್ವಾಸಕೋಶದ ಕಾಯಿಲೆ ಇಳಿಯುತ್ತದೆಂದು ಶುರುವಾದ ಪ್ರಯೋಗ, ತುಸು ಏರಿರಲೂಬಹುದು ಎಂಬ ಸೂಚನೆಯಲ್ಲಿ ಮುಗಿಯಿತು. ವಿಚಿತ್ರವೆಂದರೆ ಅದೇ ಪ್ರಯೋಗದ ಕೆಲವು ಮಕ್ಕಳನ್ನು ಐದನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಡಿಎಚ್‌ಎ ಪಡೆದವರ ಬುದ್ಧ್ಯಂಕ ಮೂರೂವರೆಯಷ್ಟು ಮೇಲಿತ್ತು. ಸ್ವೀಡನ್ನಿನ 206 ಶಿಶುಗಳ ಪ್ರಯೋಗದಲ್ಲಿ ಡಿಎಚ್‌ಎ ಜೊತೆಗೆ ಅರಾಕಿಡೋನಿಕ್ ಆಮ್ಲವೆಂಬ ಇನ್ನೊಂದು ಕೊಬ್ಬಿನಾಮ್ಲವನ್ನೂ ಸೇರಿಸಿ ಕೊಟ್ಟಾಗ ಕಣ್ಣಿನ ತೀವ್ರ ಕಾಯಿಲೆ ಅರ್ಧಕ್ಕಿಳಿಯಿತು. ಒಂದೇ ಕೊಬ್ಬಿನಾಮ್ಲ ಒಂದು ಅಂಗಕ್ಕೆ ಒಳಿತು, ಇನ್ನೊಂದಕ್ಕೆ ಅನುಮಾನ. ಜೊತೆಗಾರನಿದ್ದರೆ ಒಂದು ಫಲ, ಇಲ್ಲದಿದ್ದರೆ ಇನ್ನೊಂದು. ವಿಜ್ಞಾನ ಇಷ್ಟು ಹದಗೊಳ್ಳದೆ ಇರುವಾಗ, ದುಬಾರಿ ಬಾಟಲಿ ಬರೆಯದಿದ್ದರೆ ಮಗುವಿಗೆ ಅನ್ಯಾಯವಾಯಿತೆಂದು ಬಾಣಂತಿಯ ಮನಸ್ಸಿಗೆ ಬರುವಂತೆ ಮಾತಾಡುವುದು ಸರಿಯಲ್ಲ.

ಈಗ ಆ ಬಾಟಲಿಯನ್ನೇ ಹತ್ತಿರದಿಂದ ನೋಡಿ. ಅದು ಸಾಮಾನ್ಯವಾಗಿ ಬರುವುದು 100 ಎಂಎಲ್ ಅಥವಾ ಅದಕ್ಕೂ ದೊಡ್ಡ ಗಾತ್ರದಲ್ಲಿ. ನಮ್ಮ ಮಗುವಿಗೆ ಬೇಕಾದದ್ದು 15. ಉಳಿದ 85 ಎಂಎಲ್ ಚೆಲ್ಲಬೇಕು. ಬೆಲೆ ಹೆಚ್ಚಿದಷ್ಟೂ ಚೆಲ್ಲಲು ಕೈ ಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ನಾಳೆ ಬಳಸೋಣ, ಪಕ್ಕದ ತೊಟ್ಟಿಲಿನ ಮಗುವಿಗೂ ಸೆಳೆದುಕೊಳ್ಳೋಣ ಎನಿಸುತ್ತದೆ. ಸಕ್ಕರೆ ದ್ರಾವಣಕ್ಕಿಂತ ಲಿಪಿಡ್‌ನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡೂ ಸೊಗಸಾಗಿ ಬೆಳೆಯುತ್ತವೆ. ಸೂಜಿ ಒಳಹೋದ ಬಾಟಲಿಯಿಂದ ವಾರ್ಡಿಗೆ ವಾರ್ಡೇ ನಂಜೇರಿದ ಉದಾಹರಣೆಗಳು ಜಗತ್ತಿನ ಹಲವೆಡೆ ದಾಖಲಾಗಿವೆ. ಇದು ಬಡದೇಶಗಳ ಪಾಡು ಮಾತ್ರವಲ್ಲ. 2014ರಲ್ಲಿ ಇಂಗ್ಲೆಂಡಿನಲ್ಲಿ, ಅದಕ್ಕೆಂದೇ ಇರುವ ಘಟಕದಲ್ಲಿ ಬೆರೆಸಿ ಕಳಿಸಿದ ಆಹಾರ ಕಲುಷಿತವಾಗಿ ಹಲವು ಆಸ್ಪತ್ರೆಗಳ ಶಿಶುಗಳಿಗೆ ನಂಜೇರಿತು, ಸಾವೂ ಸಂಭವಿಸಿತು. ನಮ್ಮ ನೆಲದ ಸ್ಥಿತಿ ಗೊತ್ತಾಗಬೇಕಾದರೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ಘಟಕಗಳಿಗೆ ದಾಖಲಾದ 13,530 ಶಿಶುಗಳ ಅಧ್ಯಯನ ನೋಡಬೇಕು. 2016ರಲ್ಲಿ ಪ್ರಕಟವಾದ ಅದರ ಪ್ರಕಾರ ಶೇ 14.3ರಷ್ಟು ಶಿಶುಗಳಿಗೆ ನಂಜು ತಗುಲಿತ್ತು. ಸಿಕ್ಕ ರೋಗಾಣುಗಳಲ್ಲಿ ಬಹುಪಾಲು ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದವು. ಇಂಥ ನೆಲದಲ್ಲಿ ಬಾಟಲಿಯೊಳಗಿನ ಎಣ್ಣೆಯ ಬಗೆಗಿಂತ ಬಾಟಲಿ ತೆರೆಯುವ ಕೈ ದೊಡ್ಡದು. ಬೆಳಕಿನ ವಿಷಯವೂ ಹಾಗೆಯೇ. ಪಾರದರ್ಶಕ ಸಿರಿಂಜಿನಲ್ಲಿ, ಕಾಮಾಲೆಗೆಂದು ಉರಿಯುವ ನೀಲಿ ದೀಪದ ಪಕ್ಕದಲ್ಲಿ ದಿನವಿಡೀ ನಿಂತ ಲಿಪಿಡ್ ಆಕ್ಸಿಡೀಕರಣಗೊಂಡು ಪೆರಾಕ್ಸೈಡ್‌ಗಳಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಾಗ ಬೆಳಕಿನಿಂದ ಮರೆಮಾಡಿ ಎಂದು ಯೂರೋಪಿನ ಔಷಧ ಸಂಸ್ಥೆ 2019ರಲ್ಲಿ ಸೂಚಿಸಿತು. ಅದಕ್ಕೆ ಬೇಕಾದದ್ದು ಬಣ್ಣದ ಸಿರಿಂಜು, ಬಣ್ಣದ ಟ್ಯೂಬು. ಮೀನೆಣ್ಣೆಗೆ ಕೊಡುವ ಹೆಚ್ಚುವರಿ ದುಡ್ಡಿನ ಮುಂದೆ ಇದು ಏನೂ ಅಲ್ಲ. ಪಂಪಿನ ತಪ್ಪೂ ಸಣ್ಣದಲ್ಲ: ಪಕ್ಕಪಕ್ಕದ ಎರಡು ಪಂಪುಗಳಲ್ಲಿ ಗ್ಲೂಕೋಸಿನ ವೇಗ ಲಿಪಿಡ್‌ಗೆ, ಲಿಪಿಡ್‌ನದು ಗ್ಲೂಕೋಸಿಗೆ ಬಿದ್ದರೆ ಇಡೀ ದಿನದ ಕೊಬ್ಬು ಕೆಲವೇ ಗಂಟೆಗಳಲ್ಲಿ ಮಗುವಿನೊಳಗೆ ಹೋಗಿಬಿಡುತ್ತದೆ. 2017ರಲ್ಲಿ ಬ್ರಿಟನ್ನಿನ ಎನ್‌ಎಚ್‌ಎಸ್ ಈ ಬಗ್ಗೆಯೇ ಎಲ್ಲ ಆಸ್ಪತ್ರೆಗಳಿಗೆ ಎಚ್ಚರಿಕೆ ಕಳಿಸಬೇಕಾಯಿತು. ಒಬ್ಬ ನರ್ಸ್ ಹತ್ತು ಮಕ್ಕಳನ್ನು ನೋಡಬೇಕಾದ ರಾತ್ರಿಪಾಳಿಯಲ್ಲಿ ಆ ತಪ್ಪು ಯಾರ ಕಣ್ಣಿಗೆ ಬೀಳಬೇಕು?

ಇಷ್ಟೆಲ್ಲ ಅಪಾಯವಿದ್ದರೆ ಈ ಉಸಾಬರಿಯೇ ಬೇಡ, ಎದೆಹಾಲು ಸಾಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ, ಆ ಮುಕ್ಕಾಲನ್ನು ನಾನು ಪೂರ್ತಿ ಒಪ್ಪುತ್ತೇನೆ. ದೆಹಲಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯ ಸುಷ್ಮಾ ನಾಂಗಿಯಾ ಮತ್ತು ಸಂಗಡಿಗರು 1,000ದಿಂದ 1,499 ಗ್ರಾಂ ತೂಕದ, ಉಸಿರಾಟ ಸ್ಥಿರವಾಗಿರುವ ಶಿಶುಗಳನ್ನು ಮೊದಲ ದಿನದಿಂದಲೇ ಪೂರ್ತಿ ಹಾಲಿನ ಮೇಲೆ ನಡೆಸಬಹುದೆಂದು ಪ್ರಯೋಗದಲ್ಲಿ ತೋರಿಸಿದ್ದಾರೆ. ಬ್ರಿಟನ್, ಐರ್ಲೆಂಡ್‌ಗಳ 2,800 ಶಿಶುಗಳ ಪ್ರಯೋಗದಲ್ಲಿ ಹಾಲನ್ನು ದಿನಕ್ಕೆ ಕಿಲೋಗೆ 18 ಎಂಎಲ್ ಬದಲು 30 ಎಂಎಲ್‌ನಂತೆ ಏರಿಸಿದರೂ ಕರುಳಿಗೆ ಹೆಚ್ಚಿನ ಹಾನಿಯಾಗಲಿಲ್ಲ. ಪೂರ್ತಿ ಹಾಲಿಗೆ ಬರುವ ದಿನ ಹತ್ತರಿಂದ ಏಳಕ್ಕಿಳಿಯಿತು. ಅಂದರೆ ರಕ್ತನಾಳದ ನಳಿಕೆ ಮೂರು ದಿನ ಮೊದಲೇ ಹೊರಗೆ. ತಾಯಿಯ ಎದೆಗೆ ಚರ್ಮ ತಾಗುವಂತೆ ಮಗುವನ್ನು ಕಟ್ಟುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಶುರುಮಾಡಿದರೆ ಸಾವು ಕಾಲುಭಾಗ ಕಡಿಮೆಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಪ್ರಯೋಗ ತೋರಿಸಿತು. ಅದನ್ನು ಜಿಲ್ಲೆಯಿಡೀ ಹಬ್ಬಿಸಲು ಸಾಧ್ಯ ಎಂಬುದನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಮಾಡಿ ನೋಡಿದ್ದಾರೆ. ಹಾಗಾಗಿ ಒಂದೂಕಾಲು, ಒಂದೂವರೆ ಕಿಲೋದ ಆರೋಗ್ಯವಂತ ಮಗುವಿಗೆ ಅಭ್ಯಾಸಬಲದಿಂದ ಲಿಪಿಡ್ ಬರೆಯುವುದನ್ನು ನಿಲ್ಲಿಸಬೇಕು. ಉಳಿದ ಕಾಲುಭಾಗದ ಬಗ್ಗೆ ಮಾತ್ರ ನನ್ನ ತಕರಾರು: 1 ಕಿಲೋಗಿಂತ ಕಡಿಮೆ ತೂಗುವ, ವೆಂಟಿಲೇಟರ್ ಮೇಲಿರುವ, ಹೊಟ್ಟೆಯುಬ್ಬರದಿಂದ ಹಾಲು ನಿಂತಿರುವ ಮಗು. ಅದಕ್ಕೆ ಎದೆಹಾಲು ಸಾಕೆನ್ನುವುದು ಉಪವಾಸ ಕೆಡವಿದಂತೆಯೇ.

ಆ ಮಗು ಎಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. 2020ರಲ್ಲಿ ಜಗತ್ತಿನಲ್ಲಿ ದಿನ ತುಂಬದೆ ಹುಟ್ಟಿದ ಸುಮಾರು 1.34 ಕೋಟಿ ಮಕ್ಕಳಲ್ಲಿ 30 ಲಕ್ಷ ಭಾರತದವು. ಜಿಲ್ಲಾಸ್ಪತ್ರೆಗಳಲ್ಲಿರುವ ನವಜಾತ ಶಿಶು ವಿಶೇಷ ಆರೈಕೆ ಘಟಕ, ಎಲ್ಲರ ಬಾಯಲ್ಲಿ ಎಸ್‌ಎನ್‌ಸಿಯು, ಅದ್ಭುತ ಕೆಲಸ ಮಾಡಿದೆ. ಆದರೆ ಅದನ್ನು ರೂಪಿಸಿದ್ದು ದಿನಗಟ್ಟಲೆ ರಕ್ತನಾಳದ ಆಹಾರ ಕೊಡಲಿಕ್ಕಲ್ಲ. ಸಮಾನತೆಯ ಹೆಸರಿನಲ್ಲಿ ಪ್ರತಿ ಎಸ್‌ಎನ್‌ಸಿಯುಗೂ ಲಿಪಿಡ್ ಬಾಟಲಿ ಸರಬರಾಜು ಮಾಡಿ ಎಂದು ಕೇಳುವುದು ಜನಪ್ರಿಯವಾಗಬಹುದು, ನನಗೆ ಅದು ಅಪಾಯವೆನಿಸುತ್ತದೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಅಳೆಯಲು ಪ್ರಯೋಗಾಲಯವಿಲ್ಲದೆ, ಶುದ್ಧ ಗಾಳಿಯ ಪೀಠದಲ್ಲಿ ಬೆರೆಸುವ ಫಾರ್ಮಸಿಸ್ಟ್ ಇಲ್ಲದೆ, ಅದನ್ನು ಕೊಟ್ಟರೆ ಒಳಿತಿಗಿಂತ ಕೇಡೇ ಹೆಚ್ಚಾದೀತು. ಬದಲಿಗೆ, 32 ವಾರಕ್ಕೆ ಮುನ್ನ ಹೆರಿಗೆ ನೋವು ಬಂದ ಹೆಣ್ಣನ್ನು, ಸಮಯವಿದ್ದರೆ, ಮಗು ಹೊಟ್ಟೆಯಲ್ಲಿರುವಾಗಲೇ ದೊಡ್ಡ ಆಸ್ಪತ್ರೆಗೆ ಕಳಿಸಿ. ಹೆತ್ತ ಮೇಲೆ ಆಂಬುಲೆನ್ಸಿನಲ್ಲಿ ಕಳಿಸುವುದಕ್ಕಿಂತ ಅದು ಎಷ್ಟೋ ಮೇಲು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತಲಾ ಒಂದು ಶುದ್ಧ ತಯಾರಿಕಾ ಕೊಠಡಿ ಮಾಡಿ. ಒಂದು ಬಾಟಲಿಯನ್ನು ಅಲ್ಲಿ ಒಮ್ಮೆಗೇ ಆರೇಳು ಮಕ್ಕಳ ಬಣ್ಣದ ಸಿರಿಂಜುಗಳಿಗೆ ತುಂಬಿದರೆ ಚೆಲ್ಲುವುದೂ ತಪ್ಪುತ್ತದೆ, ವಾರ್ಡಿನಲ್ಲಿ ಸೂಜಿ ಚುಚ್ಚುವುದೂ ತಪ್ಪುತ್ತದೆ. ಇದಕ್ಕೆ ದುಡ್ಡೆಲ್ಲಿಂದ ಎಂದರೆ, ಮಗುವೊಂದಕ್ಕೆ 85 ಎಂಎಲ್ ಚೆಲ್ಲುವ ದುಡ್ಡು ಈಗಲೂ ಖರ್ಚಾಗುತ್ತಲೇ ಇದೆ. ಒಂದೇ ಕೊಠಡಿಯಲ್ಲಿ ತಪ್ಪಾದರೆ ಹಲವು ಮಕ್ಕಳಿಗೆ ಒಮ್ಮೆಗೇ ಅಪಾಯ ಎಂಬುದು ಇಂಗ್ಲೆಂಡಿನ ಪಾಠ; ಪ್ರತಿ ತಂಡದ ಮಾದರಿಯನ್ನು ಪರೀಕ್ಷೆಗೆ ಎತ್ತಿಡುವ ಖರ್ಚು ಆ ಅಂದಾಜಿನಲ್ಲೇ ಸೇರಿರಬೇಕು.

ಟೆಂಡರಿನಲ್ಲಿ ಎಣ್ಣೆಯ ಹೆಸರು ಬರೆಯುವ ಮುನ್ನ ಆರೋಗ್ಯ ಇಲಾಖೆ ಈ ನಾಲ್ಕು ಆಸ್ಪತ್ರೆಗಳಿಂದ ಕೆಲವು ಅಂಕಿಗಳನ್ನು ಕೇಳಲಿ. 1 ಕಿಲೋ ಒಳಗಿನ ಮಗು ಹುಟ್ಟಿದ ಎಷ್ಟು ಗಂಟೆಗೆ ಲಿಪಿಡ್ ಶುರುವಾಯಿತು, ಎಷ್ಟನೇ ದಿನ ಪೂರ್ತಿ ಹಾಲಿಗೆ ಬಂತು, ರಕ್ತನಾಳದ ನಳಿಕೆ ಎಷ್ಟು ದಿನ ಇತ್ತು, ಆ ಅವಧಿಯಲ್ಲಿ ನಂಜು ಎಷ್ಟು ಬಾರಿ. ಇವೆಲ್ಲ ಕೇಸ್‌ಶೀಟಿನಲ್ಲಿ ಆಗಲೇ ಇರುವ ಅಂಕಿಗಳು. ಕೂಡಿಸಿ ಆರು ತಿಂಗಳಿಗೊಮ್ಮೆ ಪ್ರಕಟಿಸುವವರು ಬೇಕು. ಮಿಶ್ರ ಎಣ್ಣೆಯ ದರ ಇಳಿದರೆ ಅದನ್ನೇ ಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ತಿಂಗಳಾದರೂ ಹಾಲು ಹಿಡಿಸದೆ ಪಿತ್ತ ಕಟ್ಟಿದ ಮಗುವಿಗೆ ಮೀನೆಣ್ಣೆಯದನ್ನು ಸರ್ಕಾರವೇ ಉಚಿತವಾಗಿ ಕೊಡಲಿ.